ಬಡ್ಡಿ ನುಂಗಿದ ಯಂತ್ರಕ್ಕೆ ಬೈಯುವುದು ಯಾವಾಗ?

2025ರ ಜುಲೈ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಒಂದು ಸಲ ಸತ್ತು ಬದುಕಿದರು. ಸಾಯಿಸಿದ್ದು ವಿರೋಧ ಪಕ್ಷದವರಲ್ಲ, ಸ್ವಪಕ್ಷದ ಕುರ್ಚಿ ಆಕಾಂಕ್ಷಿಗಳೂ ಅಲ್ಲ. ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಕಂಪನಿಯ ಅನುವಾದ ಯಂತ್ರ.

ನಡೆದದ್ದಿಷ್ಟು. ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿಗಳು ಹೋಗಿ ಅಂತಿಮ ನಮನ ಸಲ್ಲಿಸಿದರು. ಅವರ ಕಚೇರಿಯವರು ಆ ಸುದ್ದಿಯನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಹಾಕಿದರು. ಯಾರೂ ಕೇಳದಿದ್ದರೂ ಯಂತ್ರ ಅದನ್ನು ಇಂಗ್ಲಿಷಿಗೆ ತಿರುಗಿಸಿಟ್ಟಿತು. ಆ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಂದರೆ ಅದು ಹೆಚ್ಚುಕಡಿಮೆ ಹೀಗಾಗುತ್ತದೆ: ಮುಖ್ಯಮಂತ್ರಿ ಸಿದ್ದರಾಮಯ್ಯ ನಿನ್ನೆ ತೀರಿಕೊಂಡರು, ಸರೋಜಾದೇವಿಯವರ ಪಾರ್ಥಿವ ಶರೀರದ ದರ್ಶನ ಪಡೆದು ನಮನ ಸಲ್ಲಿಸಿದರು. ಅಂದರೆ ತೀರಿಕೊಂಡ ಮೇಲೂ ಸಾಹೇಬರು ಕರ್ತವ್ಯ ಬಿಡಲಿಲ್ಲ.

ಇಂಥ ಎಡವಟ್ಟು ಹೇಗಾಯಿತು ಎಂದು ನೋಡಿದರೆ ಹೈಸ್ಕೂಲಿನ ಕನ್ನಡ ಮೇಷ್ಟ್ರು ಕಣ್ಣಮುಂದೆ ಬರುತ್ತಾರೆ. 'ನಿಧನರಾದ' ಎಂದರೆ ಮುಂದೆ ಬರುವ ಹೆಸರಿಗೆ ಅಂಟಿಕೊಳ್ಳುವ ಪದ. 'ನಿಧನರಾದರು' ಎಂದರೆ ಹಿಂದೆ ಇರುವ ಹೆಸರಿನವರ ಕಥೆ ಮುಗಿಯಿತು. ಕನ್ನಡದಲ್ಲಿ ಒಬ್ಬ ಮನುಷ್ಯ ಸಾಯಬೇಕಾದರೆ ಒಂದು 'ರು' ಬೇಕು. ನಾಲ್ಕನೇ ಕ್ಲಾಸಿನ ಹುಡುಗನಿಗೆ ಗೊತ್ತಿರುವ ಈ 'ರು' ಲೋಕದ ಅತಿ ಶ್ರೀಮಂತ ಕಂಪನಿಗಳಲ್ಲೊಂದರ ಯಂತ್ರಕ್ಕೆ ಗೊತ್ತಾಗಲಿಲ್ಲ. ಅದು ಹೆಸರು ಕಂಡಿತು, ಸಾವು ಕಂಡಿತು, ಎರಡನ್ನೂ ಸೇರಿಸಿ ಗಂಟು ಹಾಕಿತು.

ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರ ಕೆ.ವಿ. ಪ್ರಭಾಕರ್ ಕಂಪನಿಗೆ ಪತ್ರ ಬರೆದರು. ಅನುವಾದ ನೆಟ್ಟಗಾಗುವ ತನಕ ಕನ್ನಡಕ್ಕೆ ಅದನ್ನು ನಿಲ್ಲಿಸಿ ಎಂದರು. ಮುಖ್ಯಮಂತ್ರಿಗಳೂ ಬಹಿರಂಗವಾಗಿ ಆಕ್ಷೇಪಿಸಿದರು. ಕಂಪನಿ ಕ್ಷಮೆ ಕೇಳಿ, ದೋಷ ಸರಿಪಡಿಸಿದ್ದೇವೆ ಎಂದಿತು. ಅಲ್ಲಿಗೆ ಮುಗಿಯಿತು. ಕನ್ನಡಿಗರು ಏನು ಮಾಡಿದರು? ನಕ್ಕರು. ಸಿದ್ದರಾಮಯ್ಯನವರ ಕಾಲೆಳೆಯಲು ಒಂದು ನೆಪ ಸಿಕ್ಕಿತೆಂದು ವಾಟ್ಸಾಪಿನಲ್ಲಿ ಎರಡು ದಿನ ಹಂಚಿಕೊಂಡರು. ನಾವೂ ನಕ್ಕೆವು, ಸುಳ್ಳೇಕೆ ಹೇಳಬೇಕು.

ಈ ನಗುವನ್ನು ಸ್ವಲ್ಪ ಪಕ್ಕಕ್ಕಿಟ್ಟು ಇನ್ನೊಂದು ಘಟನೆಯನ್ನು ನೆನಪು ಮಾಡಿಕೊಳ್ಳಿ. 2021ರ ಜೂನ್ ತಿಂಗಳ ಮೊದಲ ವಾರ. ಕೊರೊನಾ ಎರಡನೇ ಅಲೆ, ಲಾಕ್‌ಡೌನ್, ಎಲ್ಲರೂ ಮನೆಯಲ್ಲಿ. ಯಾವನೋ ಕೆಲಸವಿಲ್ಲದ ಮಹಾಶಯ ಗೂಗಲ್‌ನಲ್ಲಿ 'ಭಾರತದ ಅತಿ ಕುರೂಪಿ ಭಾಷೆ ಯಾವುದು' ಎಂದು ಇಂಗ್ಲಿಷಿನಲ್ಲಿ ಕೇಳಿದ. ಗೂಗಲ್ ಒಂದು ಪೆಟ್ಟಿಗೆಯೊಳಗೆ ದಪ್ಪಕ್ಷರದಲ್ಲಿ 'ಕನ್ನಡ' ಎಂದಿತು. ಅಷ್ಟೇ ಸಾಕಾಯಿತು. ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕ್ಷಮೆ ಕೇಳಬೇಕೆಂದರು, ಕಾನೂನು ಕ್ರಮದ ಮಾತಾಡಿದರು. ಎಲ್ಲ ಪಕ್ಷಗಳ ನಾಯಕರಿಗೂ ಒಂದೇ ದಿನ ಒಟ್ಟಿಗೇ ಕನ್ನಡಾಭಿಮಾನ ಉಕ್ಕಿತು. ಗೂಗಲ್ ಕ್ಷಮೆ ಕೇಳಿತು, ಉತ್ತರ ಮಾಯವಾಯಿತು. ಅದೇ ವಾರ ಅಮೆಜಾನ್‌ನ ಕೆನಡಾ ಅಂಗಡಿಯಲ್ಲಿ ನಮ್ಮ ಬಾವುಟದ ಬಣ್ಣದ ಬಿಕಿನಿ ಕಾಣಿಸಿತು. ಮತ್ತೊಂದು ಸುತ್ತು ಸಮರ.

ಆ ಉತ್ತರ ಎಲ್ಲಿಂದ ಬಂತು ಗೊತ್ತೇ? ಸಾಲದಲ್ಲಿ ಮುಳುಗಿದವರಿಗೆ ಬುದ್ಧಿ ಹೇಳುವ ಹೆಸರಿಟ್ಟುಕೊಂಡಿದ್ದ ಯಾವುದೋ ಕಸದಂಥ ಪುಟದಿಂದ. ಅದನ್ನು ಬರೆದವನು ಪಂಪನನ್ನೂ ಓದಿದವನಲ್ಲ, ಬಸ್ಸಿನ ಬೋರ್ಡನ್ನೂ ಓದಿದವನಲ್ಲ. ಗೂಗಲ್ ಯಂತ್ರಕ್ಕೆ ಸೌಂದರ್ಯ, ಕುರೂಪ ಎಂಬುದೇನೂ ತಿಳಿಯದು. ಕೇಳಿದವನ ಪ್ರಶ್ನೆಯಲ್ಲಿದ್ದ ಕೊಳಕಿಗೆ ಹೊಂದುವ ಕೊಳಕೊಂದನ್ನು ಹುಡುಕಿ ತಂದು ಬೆಳ್ಳಿ ತಟ್ಟೆಯಲ್ಲಿಟ್ಟಿತು. ನಮ್ಮ ಹುಡುಗರು ಅದನ್ನು ಖಂಡಿಸಲೆಂದು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಗೂಗಲ್‌ನಲ್ಲಿ ಹುಡುಕಿದರು. ಬೆಂಕಿಗೆ ತುಪ್ಪ ಸುರಿದು ಹೊಗೆ ಬಂತೆಂದು ಕೆಮ್ಮಿದರು. ಎಲ್ಲಕ್ಕಿಂತ ತಮಾಷೆಯೆಂದರೆ ಕನ್ನಡದ ಚೆಲುವನ್ನು ಜಗತ್ತಿಗೆ ಸಾರಿದ ಬರಹಗಳಲ್ಲಿ ಮುಕ್ಕಾಲು ಪಾಲು ಇಂಗ್ಲಿಷಿನಲ್ಲಿದ್ದವು.

ಸಿಟ್ಟು ತಪ್ಪೆಂದು ಹೇಳುತ್ತಿಲ್ಲ. ತಾಯಿಗೆ ಬೈದರೆ ಸುಮ್ಮನಿರುವವನು ಮಗನಲ್ಲ. ಆದರೆ ಲೆಕ್ಕ ನೋಡಿ. 2021ರ ಉತ್ತರದಿಂದ ಯಾವ ಕನ್ನಡಿಗನ ಮನೆ ಒಲೆ ಆರಲಿಲ್ಲ, ಯಾವನ ಕೆಲಸ ಹೋಗಲಿಲ್ಲ. ಅದು ಅವಮಾನ. 2025ರ ಅನುವಾದ ಅವಮಾನವಲ್ಲ, ಅಸಡ್ಡೆ. ಅವಮಾನಕ್ಕೆ ನಾವು ಬೀದಿಗಿಳಿಯುತ್ತೇವೆ, ಅಸಡ್ಡೆಗೆ ನಗುತ್ತೇವೆ. ಕನ್ನಡಿಗನ ಜೇಬು ಕತ್ತರಿಸುವುದು ಮಾತ್ರ ಈ ಎರಡನೆಯದು.

ಹೇಗೆ ಎಂದು ಕೇಳುವವರಿಗೆ ನಮ್ಮ ಕಚೇರಿಗೇ ಬಂದ ಒಂದು ಪ್ರಕರಣ ಹೇಳುತ್ತೇವೆ. ಪೀಣ್ಯದ ಗಾರ್ಮೆಂಟ್ ಫ್ಯಾಕ್ಟರಿಯೊಂದರಲ್ಲಿ ದುಡಿಯುವ ಹೆಣ್ಣುಮಗಳು. ಮಗಳ ಕಾಲೇಜು ಫೀಸಿಗೆಂದು ಮೊಬೈಲ್ ಆಪ್ ಒಂದರಲ್ಲಿ ಇಪ್ಪತ್ತು ಸಾವಿರ ಸಾಲ ತೆಗೆದಿದ್ದರು. ಇಂಗ್ಲಿಷ್ ಬಾರದ್ದರಿಂದ ಕನ್ನಡ ಆರಿಸಿಕೊಂಡಿದ್ದರು. ನಾವೆಲ್ಲ ಇಷ್ಟು ವರ್ಷ ಗಂಟಲು ಹರಿದುಕೊಂಡು ಹೇಳಿದ್ದೂ ಅದನ್ನೇ ತಾನೆ, ಕನ್ನಡ ಇದ್ದರೆ ಕನ್ನಡವನ್ನೇ ಒತ್ತಿ ಅಂತ. ಆಯಮ್ಮ ಒತ್ತಿದರು. ಸಾಲದ ವಿವರ ಕನ್ನಡದಲ್ಲಿ ಬಂತು. ಬಡ್ಡಿ ಎನ್ನಬೇಕಾದ ಕಡೆಯೆಲ್ಲ 'ಆಸಕ್ತಿ' ಎಂದಿತ್ತು. ಇಂಗ್ಲಿಷಿನಲ್ಲಿ 'ಇಂಟರೆಸ್ಟ್' ಎಂಬುದಕ್ಕೆ ಎರಡೂ ಅರ್ಥ ಉಂಟಲ್ಲ, ಯಂತ್ರ ಮೊದಲು ಕೈಗೆ ಸಿಕ್ಕಿದ್ದನ್ನು ತೆಗೆದು ಇಟ್ಟಿತ್ತು. ಅಸಲು ಎನ್ನಬೇಕಾದ ಕಡೆ 'ಪ್ರಾಂಶುಪಾಲ' ಎಂದಿತ್ತು. ಒಟ್ಟಿನಲ್ಲಿ ಆ ಸಾಲಪತ್ರದಲ್ಲಿ ಒಬ್ಬ ಪ್ರಾಂಶುಪಾಲರಿದ್ದರು, ಅವರ ಆಸಕ್ತಿಯಿತ್ತು. ಅಸಲೂ ಇರಲಿಲ್ಲ, ಬಡ್ಡಿಯೂ ಇರಲಿಲ್ಲ.

"ಮಾಸಿಕ ಆಸಕ್ತಿ ಮೂರು ಅಂತ ಇತ್ತಣ್ಣ. ತಿಂಗಳಿಗೆ ಮೂರು ಸಲ ವಿಚಾರಿಸ್ತಾರೇನೋ ಅಂದ್ಕೊಂಡೆ. ಬಡ್ಡಿ ಅಂತ ಎಲ್ಲೂ ಕಾಣ್ಲಿಲ್ಲವಲ್ಲ, ಕಾಲೇಜಿಗೆ ಅಂತ ಕೊಡೋ ಸಾಲ, ಬಡ್ಡಿ ಇಲ್ಲ ಅಂದ್ಕೊಂಡು ತಗೊಂಡೆ" ಎಂದರು ಆಕೆ.

ನಾವು ಮೊದಲು ನಕ್ಕೆವು. ಆಕೆ ನಗಲಿಲ್ಲ. ತಿಂಗಳಿಗೆ ಆರುನೂರು ರೂಪಾಯಿಯ ಆಸಕ್ತಿಯನ್ನು ಕಂಪನಿ ಸರಿಯಾಗಿ ಹಿಡಿದುಕೊಳ್ಳುತ್ತಿತ್ತು. ಒಂದು ಕಂತು ತಪ್ಪಿದ್ದಕ್ಕೆ ಫೋನು ಬಂತು. ವಸೂಲಿಗೆ ಫೋನ್ ಮಾಡಿದವನ ಕನ್ನಡದಲ್ಲಿ ಒಂದೇ ಒಂದು ತಪ್ಪಿರಲಿಲ್ಲವಂತೆ. ಬೈಗುಳವೂ ಅಪ್ಪಟ ಕನ್ನಡದ್ದು.

ಇದಕ್ಕೆ ಯಾವ ಟಿವಿ ಕ್ಯಾಮೆರಾ ಬರುತ್ತದೆ, ಹೇಳಿ? ಯಾವ ಸಚಿವರು ಗುಡುಗುತ್ತಾರೆ? ಮುಖ್ಯಮಂತ್ರಿಯನ್ನು ಸಾಯಿಸಿದರೆ ಪತ್ರ ಬರೆಯಲು ಮಾಧ್ಯಮ ಸಲಹೆಗಾರರಿದ್ದಾರೆ. ಪೀಣ್ಯದ ಹೆಣ್ಣುಮಗಳ ಮಾಧ್ಯಮ ಸಲಹೆಗಾರ ಯಾರು?

ಈಗ ನಮ್ಮ ಐಟಿ ಗೆಳೆಯರು ಎದ್ದುನಿಲ್ಲುತ್ತಾರೆ. "ಸಾರ್, ಅದು ಹಳೇ ಟೆಕ್ನಾಲಜಿ. ಈಗಿನ ಎಐ ನೋಡಿ, ಕನ್ನಡವನ್ನು ಅರೆದು ಕುಡಿದಿದೆ." ನೋಡಿದ್ದೇವೆ. ವಾರಕ್ಕೊಂದು ಸಲ ಯಾವುದಾದರೂ ಯಂತ್ರ ಕನ್ನಡ ಕಲಿತ ಸುದ್ದಿ ಬರುತ್ತದೆ, ಕಲಿತ ಸಂಭ್ರಮಕ್ಕೆ ಒಂದು ಕವನವನ್ನೂ ಬರೆದು ತೋರಿಸುತ್ತದೆ. ಕವನದಲ್ಲಿ ತಪ್ಪದೆ ಕಾವೇರಿ ಹರಿಯುತ್ತಾಳೆ, ಸಹ್ಯಾದ್ರಿ ನಿಂತಿರುತ್ತದೆ, ಶ್ರೀಗಂಧ ಘಮಘಮಿಸುತ್ತದೆ. ರಾಜ್ಯೋತ್ಸವಕ್ಕೆ ಭಾಷಣ ಬರೆಯುವ ಪುಢಾರಿಗಳ ಹೊಟ್ಟೆಯ ಮೇಲೆ ಹೊಡೆಯುವಷ್ಟು ಚೆನ್ನಾಗಿಯೇ ಬರೆಯುತ್ತದೆ. ಮೊದಲಿನಷ್ಟು ತಪ್ಪೂ ಈಗಿಲ್ಲ, ಒಪ್ಪಿಕೊಳ್ಳೋಣ. ಹತ್ತರಲ್ಲಿ ಎಂಟೊಂಬತ್ತು ಸಾಲು ಸರಿಯಾಗಿರುತ್ತವೆ. ನಮ್ಮ ಭಯ ಇರುವುದೂ ಅಲ್ಲೇ. ಹತ್ತೂ ತಪ್ಪಿದ್ದರೆ ಯಾರೂ ನಂಬುತ್ತಿರಲಿಲ್ಲ. ಒಂಬತ್ತು ಸರಿಯಿದ್ದರೆ ಹತ್ತನೆಯದನ್ನು ಯಾರೂ ಓದಿ ನೋಡುವುದಿಲ್ಲ. ಕನ್ನಡ ಬಲ್ಲ ಒಬ್ಬ ಮನುಷ್ಯನಿಗೆ ಸಂಬಳ ಕೊಟ್ಟು ಕೂರಿಸುವ ಖರ್ಚನ್ನು ಉಳಿಸಿದ ಕಂಪನಿಗೆ, ಆ ಹತ್ತನೆಯ ಸಾಲಿನಲ್ಲಿ ಬಡ್ಡಿಯಿದೆಯೋ ಮಾತ್ರೆಯ ಲೆಕ್ಕವಿದೆಯೋ ತಿಳಿಯುವ ದಾರಿಯೇ ಇಲ್ಲ.

ಇನ್ನು ಯಂತ್ರಕ್ಕೆ ಕನ್ನಡ ಏಕೆ ಇಷ್ಟು ತುಟ್ಟಿ ಎಂಬ ಕಥೆ. ಮೊಬೈಲ್ ಎಸ್‌ಎಂಎಸ್ ನೆನಪಿದೆಯೇ? ಇಂಗ್ಲಿಷಿನಲ್ಲಿ ಬರೆದರೆ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ ಬರೆದರೆ 70. ಅದಕ್ಕಿಂತ ಒಂದು ಹೆಚ್ಚಾದರೆ ಎರಡನೇ ಸಂದೇಶದ ದುಡ್ಡು. ಕಂಪ್ಯೂಟರಿನ ಒಳಗೂ ಅದೇ ಹಣೆಬರಹ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಜಾಗ, ಕನ್ನಡದ ಪ್ರತಿ ಚಿಹ್ನೆಗೆ ಮೂರು. 'ಕನ್ನಡ' ಎಂಬ ನಮ್ಮ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 7 ಬೈಟು, ನಮ್ಮದೇ ಅಕ್ಷರದಲ್ಲಿ ಬರೆದರೆ 15. ಎಐ ಯಂತ್ರಗಳು ಬರಹವನ್ನು ತುಂಡು ಮಾಡಿಕೊಂಡು ಓದುತ್ತವೆ, ಆ ತುಂಡುಗಳಿಗೆ ಟೋಕನ್ ಎನ್ನುತ್ತಾರೆ, ಬಿಲ್ ಮಾಡುವುದೂ ತುಂಡಿನ ಲೆಕ್ಕದಲ್ಲೇ. ಕತ್ತರಿ ತಯಾರಾಗಿದ್ದು ಬಹುಪಾಲು ಇಂಗ್ಲಿಷ್ ಬಟ್ಟೆಯ ಅಳತೆಗೆ. ಹಾಗಾಗಿ ಅದೇ ಮಾತನ್ನು ಕನ್ನಡದಲ್ಲಿ ಹೇಳಿದರೆ ತುಂಡು ಹೆಚ್ಚು, ಬಿಲ್ಲೂ ಹೆಚ್ಚು.

2024ರ ಮೇ ತಿಂಗಳಲ್ಲಿ ಓಪನ್‌ಎಐ ಕಂಪನಿ ಹೊಸ ಕತ್ತರಿ ತಂದಿತು. ಇನ್ನು ಮುಂದೆ ತುಂಡುಗಳು ಕಡಿಮೆ ಎಂದು ತೋರಿಸಲು ಇಪ್ಪತ್ತು ಭಾಷೆಗಳ ಮಾದರಿ ಪಟ್ಟಿ ಕೊಟ್ಟಿತು. ಗುಜರಾತಿಗೆ 4.4 ಪಟ್ಟು ಕಡಿಮೆ, ತೆಲುಗಿಗೆ 3.5, ತಮಿಳಿಗೆ 3.3. ಆಮೇಲೆ ಮರಾಠಿ, ಹಿಂದಿ, ಉರ್ದು. ಕನ್ನಡ ಆ ಪಟ್ಟಿಯಲ್ಲೇ ಇರಲಿಲ್ಲ. ಹೊಸ ಕತ್ತರಿಯಿಂದ ಕನ್ನಡಕ್ಕೂ ಉಪಕಾರವಾಯಿತು ಎಂಬುದು ಬೇರೆ ಮಾತು. ಆದರೆ ಲೋಕಕ್ಕೆ ತೋರಿಸಲು ಭಾರತದ ಆರು ಭಾಷೆ ಆರಿಸುವಾಗ ನಮ್ಮದು ನೆನಪಾಗಲಿಲ್ಲ. ಯಾರೋ ಕುರೂಪಿ ಎಂದಾಗ ಕೆರಳಿದ ನಮಗೆ, ಇದ್ದೀರೆಂದೇ ಗೊತ್ತಿಲ್ಲ ಎಂದಾಗ ಗೊರಕೆ. ನಾವು ಬಲ್ಲಂತೆ ಒಂದು ಧಿಕ್ಕಾರವೂ ಕೇಳಲಿಲ್ಲ.

ಕಂಪನಿಗಳನ್ನಷ್ಟೇ ಬೈದರೆ ಅರ್ಧ ಸತ್ಯವಾಗುತ್ತದೆ. ಯಂತ್ರ ಕಲಿಯುವುದು ನಾವು ಬರೆದಿಟ್ಟದ್ದರಿಂದ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಮಲಯಾಳಿಗಳು ಸುಮಾರು ಮೂರೂವರೆ ಕೋಟಿ. ವಿಕಿಪೀಡಿಯ ತೆಗೆದು ನೋಡಿ. ಮಲಯಾಳಂ ಲೇಖನಗಳು ಎಂಬತ್ತು ಸಾವಿರ ದಾಟಿವೆ, ತೆಲುಗಿನವು ಒಂದು ಲಕ್ಷ, ತಮಿಳಿನವು ಒಂದೂವರೆ ಲಕ್ಷ. 2003ರಲ್ಲೇ ಶುರುವಾದ ನಮ್ಮದು ಮೂವತ್ತು ಸಾವಿರ ದಾಟಿ ಅಲ್ಲೇ ಆಚೀಚೆ ಉಸಿರು ಬಿಡುತ್ತಿದೆ. ಎಂಟು ಜ್ಞಾನಪೀಠದ ಫಲಕ ಮನೆ ಮುಂದೆ, ಒಳಗೆ ಕಪಾಟು ಖಾಲಿ.

ಸರ್ಕಾರದ ಕಥೆ ಇನ್ನೂ ರಸವತ್ತಾಗಿದೆ. ಕೆ.ಪಿ. ರಾವ್ ಅವರಂಥವರು ಕೀಲಿಮಣೆ ಕೊಟ್ಟರು, ನುಡಿ ಬಂತು, ಬರಹ ಬಂತು. ಒಂದು ಕಾಲಕ್ಕೆ ಅದು ದೊಡ್ಡ ಕೆಲಸ, ಋಣ ಮರೆಯಬಾರದು. ಆದರೆ ಆ ಹಳೆಯ ಫಾಂಟುಗಳಲ್ಲಿ ಕನ್ನಡ ಕಾಣುವುದು ಕಣ್ಣಿಗೆ ಮಾತ್ರ. ಒಳಗಿರುವುದು ಇಂಗ್ಲಿಷಿನ ಗುರುತುಗಳು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನುಡಿಯ 'ಕನ್ನಡ' ಪದವನ್ನು ತೆರೆಯಿರಿ, ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರಗಳ ನಡುವೆ ಬ್ರಿಟಿಷ್ ಪೌಂಡಿನ ಗುರುತು ಕೂತಿರುತ್ತದೆ. ನಮ್ಮ ನಕಾರ ಅಲ್ಲಿ ಪೌಂಡು! ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಆಮೇಲೂ ಎಷ್ಟೋ ವರ್ಷ ನಮ್ಮ ಆದೇಶ, ಸುತ್ತೋಲೆ, ವರದಿಗಳೆಲ್ಲ ಪೌಂಡಿನಲ್ಲೇ ನಡೆದವು, ಇಲ್ಲವೇ ಸೀಲು ಹೊಡೆದು, ಸ್ಕ್ಯಾನ್ ಮಾಡಿ, ಓರೆಯಾಗಿ ಅಂಟಿಸಿದ ಚಿತ್ರಗಳಾದವು. ಆ ರಾಶಿಯಲ್ಲಿ 'ಬಡ್ಡಿ' ಎಂಬ ಪದ ಲಕ್ಷ ಸಲ ಇದ್ದೀತು, ಯಂತ್ರದ ಕಣ್ಣಿಗೆ ಒಂದೂ ಬೀಳದು.

ಹಾಗಾದರೆ ಯಾರೂ ಏನೂ ಮಾಡಿಲ್ಲವೇ? ಮಾಡಿದ್ದಾರೆ, ಒಬ್ಬೊಬ್ಬರೇ. ಬೆಂಗಳೂರಿನ ವಿ. ಕೃಷ್ಣ ಎಂಬುವರು ನಾಲ್ಕು ದಶಕ ಕೂತು ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ಕೋಶ ಕಟ್ಟಿದರು. ಅದು 'ಅಲರ್' ಎಂಬ ಹೆಸರಿನಲ್ಲಿ 2019ರಿಂದ ಎಲ್ಲರಿಗೂ ಪುಕ್ಕಟೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾರತದ ಇತರ ಭಾಷೆಗಳ ಜತೆ ಕನ್ನಡಕ್ಕೂ ಅನುವಾದದ ಸಾಮಗ್ರಿ ಮಾಡಿ ಹಂಚಿದೆ. ಕಾವೇರಿ ವಿಷಯ ಬಂದಾಗ ನಾವು ತಮಿಳುನಾಡಿನ ಬಸ್ಸು ತಡೆಯುತ್ತೇವೆ, ಕನ್ನಡದ ಯಂತ್ರಕ್ಕೆ ಮಾತ್ರ ಅನ್ನ ಮದ್ರಾಸಿನಲ್ಲೂ ಬೇಯುತ್ತಿದೆ. ಜಗತ್ತಿನ ಐಟಿ ರಾಜಧಾನಿ ಎಂದು ಎದೆ ತಟ್ಟಿಕೊಳ್ಳುವುದು ನಮ್ಮೂರು. ಗೂಗಲ್ 2025ರ ಫೆಬ್ರವರಿಯಲ್ಲಿ ಮಹದೇವಪುರದಲ್ಲಿ 'ಅನಂತ' ಎಂಬ ಭಾರೀ ಕಚೇರಿ ತೆರೆಯಿತು. ಅಲ್ಲಿ, ಅಂಥ ನೂರು ಕಚೇರಿಗಳಲ್ಲಿ, ಹಾಸನ, ದಾವಣಗೆರೆ, ಕಲಬುರಗಿಯ ಹುಡುಗ ಹುಡುಗಿಯರು ಕೆಲಸ ಮಾಡುತ್ತಾರೆ. ಈ ಪತ್ರಿಕೆ ಓದುವ ನಿಮ್ಮಲ್ಲೇ ಹಲವರು. ಕ್ಯಾಂಟೀನಿನಲ್ಲಿ ಮುದ್ದೆ ಬೇಕೆಂದು ಮೇಲ್ ಹಾಕುವ ಧೈರ್ಯ ನಿಮಗಿದೆ. 'ನಮ್ಮ ಆಪಿನ ಕನ್ನಡವನ್ನು ಬಿಡುಗಡೆಗೆ ಮುಂಚೆ ಯಾರು ಓದಿದರು' ಎಂದು ಮೀಟಿಂಗಿನಲ್ಲಿ ಒಂದು ಸಲ ಕೇಳಿದ್ದೀರಾ?

ಹ್ಯಾಶ್‌ಟ್ಯಾಗಿನಿಂದ ಏನೂ ಆಗದು ಎಂದು ನಾವು ಹೇಳುವುದಿಲ್ಲ. 2017ರಲ್ಲಿ ನಮ್ಮ ಮೆಟ್ರೋದಲ್ಲಿ ಹಿಂದಿ ಬೇಡವೆಂದು ಶುರುವಾದದ್ದೂ ಅಲ್ಲಿಂದಲೇ, ಬೋರ್ಡು ಬದಲಾಯಿತು. ಯಾಕೆ ಬದಲಾಯಿತೆಂದರೆ ಕೇಳಿದ್ದು ಸ್ಪಷ್ಟವಾಗಿತ್ತು, ಬೋರ್ಡು ಕೈಗೆಟುಕುವ ಕಡೆ ಇತ್ತು, ಒಂದು ದಿನಕ್ಕೆ ಬಿಡಲಿಲ್ಲ. ಅಂಗಡಿ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಎಂಬುದು 2024ರ ತಿದ್ದುಪಡಿಯಿಂದ ಕಾನೂನಾಗಿದೆ. ಸಂತೋಷ. ಆದರೆ ಜನ ಈಗ ಅಂಗಡಿಗೆ ಹೋಗುವುದು ಬಾಗಿಲಿನಿಂದಲ್ಲ, ಮೊಬೈಲಿನಿಂದ. ಸಾಲ, ಔಷಧಿ, ಆಟೋ, ಅಕ್ಕಿ ಎಲ್ಲದರ ನಾಮಫಲಕ ಆರು ಅಂಗುಲದ ಆ ಗಾಜಿನ ಮೇಲಿದೆ. ಅಲ್ಲಿ ಕನ್ನಡ ಎಷ್ಟು, ಇದ್ದರೆ ಎಂಥದು ಎಂದು ಕೇಳಲು ನಮ್ಮ ಏಣಿ, ಮಸಿ ಡಬ್ಬ ಎರಡೂ ಕೆಲಸಕ್ಕೆ ಬರುವುದಿಲ್ಲ.

ಕೆಲಸಕ್ಕೆ ಬರುವ ಒಂದು ಆಯುಧ ಇದೆ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿದೆ. ಅದರಂತೆ 2024ರ ಅಕ್ಟೋಬರ್ 1ರ ನಂತರ ಮಂಜೂರಾಗುವ ಹೊಸ ಸಾಲಗಳಿಗೆ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಬಡ್ಡಿ, ಶುಲ್ಕ, ಒಟ್ಟು ವಾರ್ಷಿಕ ದರವೆಲ್ಲ ಇರುವ ಮುಖ್ಯ ವಿವರಗಳ ಹಾಳೆ ಕೊಡಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅರ್ಥವಾಗುವ ಭಾಷೆ, ಗಮನಿಸಿ. 'ಪ್ರಾಂಶುಪಾಲರ ಆಸಕ್ತಿ' ಯಾವ ಕನ್ನಡಿಗನಿಗೂ ಅರ್ಥವಾಗುವ ಭಾಷೆಯಲ್ಲ. ಪೀಣ್ಯದ ಆ ಹೆಣ್ಣುಮಗಳ ಪರವಾಗಿ ಈ ಸುತ್ತೋಲೆ ಹಿಡಿದುಕೊಂಡೇ ನಮ್ಮ ಗೆಳೆಯರು ದೂರು ಬರೆದಿದ್ದಾರೆ. ಉತ್ತರ ಬಂದಿಲ್ಲ. ಬಂದರೆ ಯಾವ ಕನ್ನಡದಲ್ಲಿ ಬರುತ್ತದೋ ನೋಡಬೇಕು.

ಮುಂದಿನ ಸಂಚಿಕೆಯಿಂದ ಕೊನೆಯ ಪುಟದ ಅರ್ಧಭಾಗವನ್ನು ಇದಕ್ಕೇ ಬಿಟ್ಟಿದ್ದೇವೆ. ನಿಮ್ಮ ಮೊಬೈಲಿನಲ್ಲಿ ಕಾಣುವ ಯಂತ್ರಗನ್ನಡದ ಚಿತ್ರ ತೆಗೆದು ಕಳಿಸಿ. ದುಡ್ಡು, ಔಷಧಿ, ಕೆಲಸ, ಸರ್ಕಾರಿ ಸವಲತ್ತು ಈ ನಾಲ್ಕಕ್ಕೆ ಸಂಬಂಧಿಸಿದ್ದು ಮಾತ್ರ ಇರಲಿ, ಬರೀ ನಗಲು ಬೇರೆ ಕಡೆ ಬೇಕಾದಷ್ಟಿದೆ. ಆಪಿನ ಹೆಸರು, ದಿನಾಂಕ ಇರಲಿ. ಅದರಿಂದ ನಿಮಗಾದ ನಷ್ಟವನ್ನು ಎರಡು ಸಾಲಿನಲ್ಲಿ ಬರೆಯಿರಿ. ಪ್ರತಿಯೊಂದರ ಪ್ರತಿ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಆ ಕಂಪನಿಗೂ ಹೋಗುತ್ತದೆ. ಬರೆಯುವುದನ್ನು ದಯವಿಟ್ಟು ಕನ್ನಡ ಅಕ್ಷರದಲ್ಲಿ ಬರೆಯಿರಿ. ಇಂಗ್ಲಿಷ್ ಅಕ್ಷರದ ಕನ್ನಡವನ್ನು ನಮ್ಮ ಡಿಟಿಪಿ ಹುಡುಗ ಓದುವುದಿಲ್ಲ, ಕೇಳಿದರೆ ಆಸಕ್ತಿ ಇಲ್ಲ ಎನ್ನುತ್ತಾನೆ.